ಗುಜರಿಯಿಂದ ಬಂದ ಪಾಠ

ನಂದಗಡವೆಂದರೆ ನಾಡಿಗೆ ನೆನಪಾಗುವುದು 1831ರಲ್ಲಿ ಇಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ. ಆ ಇತಿಹಾಸವನ್ನು ಬರೆಯಲು ನನಗಿಂತ ಬಲ್ಲವರಿದ್ದಾರೆ. ನಾನು ಬರೆಯುವುದು ಗುಜರಿಯ ದಾರಿಯಿಂದ ನಮ್ಮ ಮನೆಗೆ ಬಂದ ಒಂದು ಯಂತ್ರದ ಇತಿಹಾಸ.

ನಮ್ಮಪ್ಪ ದಿನಾಲೂ ಬಸ್ಸು ಹಿಡಿದು ಬೆಳಗಾವಿಯ ಉದ್ಯಮಬಾಗಕ್ಕೆ ಹೋಗಿ ಲೇತ್ ಮೇಲೆ ದುಡಿದವರು. ಫೌಂಡ್ರಿಯಿಂದ ಬಂದ ಎರಕದ ಭಾಗಗಳನ್ನು ಕೈಚಕ್ರ ತಿರುಗಿಸಿ ಅಳತೆಗೆ ತರುತ್ತಿದ್ದರು. ಮುಂದೆ ಸಿಎನ್‌ಸಿ ಯಂತ್ರಗಳು ಬಂದವು. ಅಪ್ಪನ ಕೈ ಮಾಡುತ್ತಿದ್ದ ಕೆಲಸವನ್ನು ಸರ್ವೋ ಮೋಟಾರು ಮಾಡತೊಡಗಿತು.

ಸಾಮಾನ್ಯ ಮೋಟಾರಿಗೆ ತಾನು ಎಷ್ಟು ತಿರುಗಿದೆನೆಂದು ತಿಳಿಯದು. ಸರ್ವೋ ಮೋಟಾರಿನ ಬೆನ್ನಿಗೆ ಎನ್‌ಕೋಡರ್ ಎಂಬ ಕಣ್ಣಿರುತ್ತದೆ. ಎಲ್ಲಿರಬೇಕು, ಎಲ್ಲಿದ್ದೇನೆ ಎಂಬುದರ ಅಂತರ ನೋಡಿ ಅದು ತಿದ್ದಿಕೊಳ್ಳುತ್ತದೆ. ಈ ವಿಚಾರ ಹಳೆಯದು. ಜೇಮ್ಸ್ ವಾಟ್ 1788ರಲ್ಲೇ ಉಗಿಯಂತ್ರದ ವೇಗ ಹಿಡಿತದಲ್ಲಿಡಲು ತಿರುಗುವ ಗುಂಡುಗಳ ಗವರ್ನರ್ ಬಳಸಿದ. ಫ್ರಾನ್ಸಿನ ಫಾರ್ಕೋ 1873ರ ತನ್ನ ಪುಸ್ತಕದಲ್ಲಿ ‘ಸರ್ವೋ ಮೋಟಾರು’ ಎಂಬ ಹೆಸರನ್ನೇ ಬಳಸಿದ. ಹಡಗಿನ ಚುಕ್ಕಾಣಿ ಕುರಿತು 1922ರಲ್ಲಿ ಬರೆದ ಮಿನೋರ್ಸ್ಕಿ, ತಪ್ಪನ್ನು ತಿದ್ದುವ ಲೆಕ್ಕವನ್ನು ಸ್ಪಷ್ಟಪಡಿಸಿದ. ಅಮೆರಿಕದ ಎಂಐಟಿ 1952ರಲ್ಲಿ ರಂಧ್ರ ಕೊರೆದ ಟೇಪಿನ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿತು. ಮರುವರ್ಷವೇ ಬೆಂಗಳೂರಿನಲ್ಲಿ ಎಚ್ಎಂಟಿ ಹುಟ್ಟಿತು.

ಯಂತ್ರ ಹಳೆಯದಾದಾಗ ಮೊದಲು ಕೈಕೊಡುವುದು ಹಲವು ಸಲ ಮೋಟಾರಲ್ಲ, ಅದನ್ನು ನಡೆಸುವ ಡ್ರೈವ್. ಹಳೆಯ ಡ್ರೈವ್ ಸಿಗದಿದ್ದರೆ ಒಳ್ಳೆಯ ಮೋಟಾರೂ ತಾಮ್ರದ ತೂಕಕ್ಕೆ ಹೋಗುತ್ತದೆ. ಅಪ್ಪ ದುಡಿಯುತ್ತಿದ್ದ ಸಣ್ಣ ಕಾರ್ಖಾನೆಯಲ್ಲೂ ಹೀಗೇ ಒಂದು ಯಂತ್ರ ನಿಂತಿತು. ನಾಲ್ವರ ಕೆಲಸವೂ ನಿಂತಿತು. ಆಗ ನಾನು ಬಿಇ ಓದುತ್ತಿದ್ದೆ. ಗುಜರಿಗೆ ಹೊರಟಿದ್ದ ಅದರ ಡಿಸಿ ಸರ್ವೋ ಮೋಟಾರನ್ನು ಅಪ್ಪ ಚೀಲದಲ್ಲಿ ಹೊತ್ತು ತಂದು, ‘ನೋಡು, ಇದರಾಗ ಜೀವ ಐತಿ ಏನು’ ಅಂದರು.

ಎನ್‌ಕೋಡರಿನ ಗಾಜಿನ ತಟ್ಟೆಯಲ್ಲಿ 2500 ಗೆರೆಗಳು. ಎ ಮತ್ತು ಬಿ ಎಂಬ ಎರಡು ಸಂಕೇತಗಳಲ್ಲಿ ಯಾವುದು ಮುಂದಿದೆಯೋ ಅದರಿಂದ ತಿರುಗುವ ದಿಕ್ಕು ತಿಳಿಯುತ್ತದೆ. ಎರಡರ ಏರಿಳಿತಗಳನ್ನೂ ಎಣಿಸಿದರೆ ಒಂದು ಸುತ್ತಿಗೆ 10,000 ಎಣಿಕೆ. ಮೈಕ್ರೋಕಂಟ್ರೋಲರಿನಿಂದ ಎಣಿಸಿದೆ. ನಾಲ್ಕು ಮಾಸ್ಫೆಟ್‌ಗಳ ಎಚ್ ಬ್ರಿಜ್ ಕಟ್ಟಿ 24 ವೋಲ್ಟ್ ಕೊಟ್ಟೆ. ಮೋಟಾರು ನಿಲ್ಲಬೇಕಾದ ಕಡೆ ನಿಲ್ಲದೆ ಹುಚ್ಚೆದ್ದು ಓಡಿತು; ಒಂದು ಮಾಸ್ಫೆಟ್ ಸುಟ್ಟಿತು. ಎ, ಬಿ ತಂತಿಗಳನ್ನು ಅದಲುಬದಲು ಮಾಡಿದ್ದೆ. ಹಾಗಾಗಿ ತಪ್ಪನ್ನು ತಿದ್ದುವ ಬದಲು ಅದು ಬೆಳೆಸುತ್ತಿತ್ತು! ತಂತಿ ಸರಿಪಡಿಸಿದ ಮೇಲೆ ಶಾಫ್ಟನ್ನು ಕೈಯಿಂದ ತಿರುಗಿಸಿದರೂ ಮರಳಿ ತನ್ನ ಜಾಗಕ್ಕೇ ಬರತೊಡಗಿತು. ಅಪ್ಪ ಅದನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ನೋಡಿದರು.

ನನ್ನ ಬೋರ್ಡು ಆ ಯಂತ್ರದ ಭಾರ ಹೊರುವಷ್ಟು ಬಲವಾಗಿರಲಿಲ್ಲ. ಯಂತ್ರ ಮತ್ತೆ ನಡೆಯಲಿಲ್ಲ. ಅಪ್ಪ ಬೇರೆ ಕಡೆ ಕೆಲಸ ಹುಡುಕಿಕೊಂಡರು. ಆದರೆ ಮುಚ್ಚಿದ ಡಬ್ಬಿಯನ್ನು ತೆರೆದು ನೋಡುವ ಧೈರ್ಯ ನನ್ನಲ್ಲಿ ಉಳಿಯಿತು. ಅದರ ಬೀಜ ಬಿದ್ದದ್ದು ಈ ಶಾಲೆಯಲ್ಲೇ. ಫ್ಲೆಮಿಂಗನ ಎಡಗೈ ನಿಯಮ ಕಲಿಸುವಾಗ ನಮ್ಮ ಗುರುಗಳು ಪ್ರತಿಯೊಬ್ಬರ ಬೆರಳನ್ನೂ ತಾವೇ ತಿದ್ದಿ ಹಿಡಿಸಿದ್ದರು.

ಆ ಮೋಟಾರನ್ನೂ ಬೋರ್ಡನ್ನೂ ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇನೆ. ಮಕ್ಕಳೇ, ಗಾಜಿನ ಕಪಾಟಿನಲ್ಲಿ ಇಡಬೇಡಿ. ಗುರುಗಳನ್ನು ಕೇಳಿ, ಬಿಚ್ಚಿ ನೋಡಿರಿ.