ಅಂಡಮಾನ್: ಅಡುಗೆಮನೆ ಕಸವೇ ಇಲ್ಲಿ ಇತಿಹಾಸದ ಪುಟ!

ಅಂಡಮಾನ್ ಎಂದರೆ ಥಟ್ಟನೆ ನೆನಪಾಗುವುದು ಕಾಲಾಪಾನಿ, ಸೆಲ್ಯುಲರ್ ಜೈಲು. ಆದರೆ ಬ್ರಿಟಿಷರು 1858ರಲ್ಲಿ ಅಲ್ಲಿ ಕೈದಿಗಳ ವಸಾಹತು ಆರಂಭಿಸುವ ಎಷ್ಟೋ ಶತಮಾನಗಳ ಮೊದಲೇ ಈ ದ್ವೀಪಗಳಲ್ಲಿ ಜನವಸತಿ ಇತ್ತು. ಅದಕ್ಕೆ ಸಾಕ್ಷಿ, ಕರಾವಳಿಯುದ್ದಕ್ಕೂ ಇರುವ ಚಿಪ್ಪಿನ ದಿಬ್ಬಗಳು.

ಏನಿದು ಚಿಪ್ಪಿನ ದಿಬ್ಬ?

ತಿಂದು ಎಸೆದ ಕಪ್ಪೆಚಿಪ್ಪು, ಮೀನಿನ ಮುಳ್ಳು, ಹಂದಿಯ ಮೂಳೆ, ಒಡೆದ ಮಡಕೆ, ಬೂದಿ ತಲೆಮಾರುಗಳ ಕಾಲ ಒಂದೇ ಕಡೆ ಬಿದ್ದು ಬೆಳೆದ ರಾಶಿ ಇದು. ಮಳೆಕಾಡಿನ ಆಮ್ಲೀಯ ಮಣ್ಣಿನಲ್ಲಿ ಮೂಳೆಗಳು ಬೇಗ ಕರಗಿಹೋಗುತ್ತವೆ. ಚಿಪ್ಪಿನಲ್ಲಿರುವ ಸುಣ್ಣದ ಅಂಶ ಆಮ್ಲವನ್ನು ತಗ್ಗಿಸಿ ಅವುಗಳನ್ನು ಕಾಪಾಡುತ್ತದೆ.

ಅಧ್ಯಯನ ಮಾಡಿದವರು ಯಾರು?

ಭೂವಿಜ್ಞಾನಿ ಫರ್ಡಿನಾಂಡ್ ಸ್ಟೊಲಿಕ್ಜ್ಕಾ 1870ರಲ್ಲಿಯೇ ಈ ದಿಬ್ಬಗಳ ಬಗ್ಗೆ ಬರೆದಿದ್ದರು. 1950ರ ದಶಕದಲ್ಲಿ ಇಟಲಿಯ ಮಾನವಶಾಸ್ತ್ರಜ್ಞ ಲಿಡಿಯೊ ಸಿಪ್ರಿಯಾನಿ ಉತ್ಖನನ ನಡೆಸಿದರು. ಕೆಳಪದರದ ಮಡಕೆಗಳು ಮೇಲ್ಪದರದವುಗಳಿಗಿಂತ ಉತ್ತಮವಾಗಿದ್ದವು ಎಂದು ಅವರು ದಾಖಲಿಸಿದ್ದಾರೆ. ಅಂದರೆ, ಕಾಲ ಕಳೆದಂತೆ ಕೌಶಲ ಹೆಚ್ಚುತ್ತಲೇ ಹೋಗುತ್ತದೆ ಎಂಬ ನಮ್ಮ ನಂಬಿಕೆ ಎಲ್ಲ ಕಡೆಗೂ ಅನ್ವಯಿಸುವುದಿಲ್ಲ. 1980ರ ದಶಕದಲ್ಲಿ ಪುರಾತತ್ವಜ್ಞೆ ಜರೀನ್ ಕೂಪರ್ ದಕ್ಷಿಣ ಅಂಡಮಾನ್‌ನ ಚೌಲ್ದಾರಿಯಲ್ಲಿ ಅಗೆದ ದಿಬ್ಬ ಸುಮಾರು 2,200 ವರ್ಷ ಹಳೆಯದು ಎಂದು ರೇಡಿಯೋ ಕಾರ್ಬನ್ ಪರೀಕ್ಷೆ ತಿಳಿಸಿತು.

ಅದಕ್ಕೂ ಮೊದಲು ಯಾರೂ ಇರಲಿಲ್ಲವೇ?

ಹಾಗೆನ್ನುವಂತಿಲ್ಲ. ಅಂಡಮಾನಿಗರ ವಂಶವಾಹಿಗಳು ಇದಕ್ಕಿಂತ ಬಹಳ ಪುರಾತನವಾದ ಪ್ರತ್ಯೇಕತೆಯನ್ನು ಸೂಚಿಸುತ್ತವೆ. ಹಿಮಯುಗದ ಉತ್ತುಂಗದಲ್ಲಿ ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಂದಿನ ಕಡಲತೀರದಲ್ಲಿ ದಿಬ್ಬಗಳಿದ್ದಿದ್ದರೆ ಅವು ಇಂದು ನೀರಿನಡಿ ಇರಬೇಕು.

ಯಾಕೆ ಮುಖ್ಯ?

ಈ ಜನರಿಗೆ ಲಿಪಿ ಇರಲಿಲ್ಲ, ಬೇಸಾಯ ಗೊತ್ತಿರಲಿಲ್ಲ. ಬೇಟೆ, ಮೀನುಗಾರಿಕೆ, ಚಿಪ್ಪು ಹೆಕ್ಕುವುದೇ ಬದುಕು. ಬೋ ಭಾಷೆಯನ್ನಾಡುತ್ತಿದ್ದ ಕೊನೆಯ ವ್ಯಕ್ತಿ ಬೋವಾ ಸೀನಿಯರ್ 2010ರಲ್ಲಿ ತೀರಿಕೊಂಡಾಗ ಆ ಭಾಷೆಯೊಂದಿಗೆ ಅದರ ನೆನಪುಗಳೂ ಮರೆಯಾದವು. ಹೇಳುವವರಿಲ್ಲದ ಕಥೆಗೆ ಈಗ ಉಳಿದಿರುವ ಸಾಕ್ಷಿ ಈ ರಾಶಿಗಳೇ. ಕಡಲ್ಕೊರೆತಕ್ಕೋ ಗುದ್ದಲಿಗೋ ಒಂದು ದಿಬ್ಬ ಬಲಿಯಾದರೆ, ಮತ್ತೆ ಓದಲಾಗದ ಪುಟವೊಂದು ಹರಿದುಹೋದಂತೆ.