ಗೂನು ಬಿದ್ದ ಬಾನೆಟ್ಟು

ಹಳೆಯ ಸ್ಪೋರ್ಟ್ಸ್ ಕಾರುಗಳ ಬಾನೆಟ್ ಮೇಲಿನ ಉಬ್ಬನ್ನು ಕಂಡು ‘ಒಳಗೆ ಏನು ಶಕ್ತಿಯೋ!’ ಎಂದು ಬೆರಗಾಗುವವರೇ ಹೆಚ್ಚು. ಆದರೆ ಅಂಥ ಉಬ್ಬುಗಳಲ್ಲಿ ಎಷ್ಟೋ ಹುಟ್ಟಿದ್ದು ಇಕ್ಕಟ್ಟಿನಿಂದ. ಕಾರ್ಬ್ಯುರೇಟರ್ ತಲೆ ತಗಡಿಗೆ ತಗಲಿತು, ತಗಡನ್ನು ಎತ್ತಿದರು, ಅಷ್ಟೆ. ಎಂಜಿನ್ ಧಾರಾಳವಾಗಿ ಉಸಿರಾಡಬೇಕಾದರೆ ಗಾಳಿ ಬರುವ ಕೊಳವೆಗಳಲ್ಲಿ ಚೂಪು ತಿರುವುಗಳಿರಬಾರದು. ಅದಕ್ಕೆ ಎತ್ತರ ಬೇಕು. ಕಾರು ಗಾಳಿಯನ್ನು ಸೀಳಿಕೊಂಡು ಓಡಬೇಕಾದರೆ ಮೂತಿ ತಗ್ಗಿರಬೇಕು. ಈ ಹಗ್ಗಜಗ್ಗಾಟದಲ್ಲಿ ವಿನ್ಯಾಸಕರು ಹಿಡಿದದ್ದು ಎರಡು ದಾರಿ: ಬಾನೆಟ್ಟನ್ನು ಎತ್ತುವುದು, ಇಲ್ಲವೇ ಎಂಜಿನ್ನನ್ನು ತಗ್ಗಿಸುವುದು.

ತಗ್ಗಿಸಿದವರಲ್ಲಿ ಮರ್ಸಿಡಿಸ್‌ನವರದು ದೊಡ್ಡ ಧೈರ್ಯ. 1952ರ 300 ಎಸ್‌ಎಲ್ ರೇಸ್ ಕಾರಿನಲ್ಲಿ ಆರು ಸಿಲಿಂಡರಿನ ಎತ್ತರದ ಎಂಜಿನ್ನನ್ನು ಎಡಕ್ಕೆ 50 ಡಿಗ್ರಿ ವಾಲಿಸಿಬಿಟ್ಟರು. ಆ ವರ್ಷ ಲೆ ಮಾನ್ಸ್ ಗೆದ್ದದ್ದು ಅದೇ ಕಾರು. 1954ರಲ್ಲಿ ರಸ್ತೆಗಿಳಿದ ರೂಪದಲ್ಲಿ ಕಾರ್ಬ್ಯುರೇಟರೇ ಇರಲಿಲ್ಲ. ಬಾಷ್ ಪಂಪು ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುತ್ತಿತ್ತು, ವಾಲಿದ್ದರಿಂದ ಪಕ್ಕದಲ್ಲಿ ಬಿಡುವಾದ ಜಾಗದಲ್ಲಿ ಉದ್ದನೆಯ ಗಾಳಿಕೊಳವೆಗಳು ಕೂತವು. ಇಷ್ಟೆಲ್ಲ ಮಾಡಿಯೂ ಬಾನೆಟ್ ಮೇಲೆ ಎರಡು ದಿಂಡುಗಳು ಉಳಿದವು. ಎಂಜಿನ್ನಿಗೆ ಬೇಕಾಗಿದ್ದದ್ದು ಒಂದೇ. ಇನ್ನೊಂದು ಅದಕ್ಕೆ ಜೋಡಿಯಾಗಿ, ಅಂದಕ್ಕೆ.

ಜಾಗ್ವಾರ್ ಡಿ-ಟೈಪ್ (1954) ಹಿಡಿದದ್ದು ಡ್ರೈ ಸಂಪ್ ಉಪಾಯ. ಆಯಿಲನ್ನು ಎಂಜಿನ್ ತಳದಲ್ಲಿಡದೆ ಬೇರೆ ತೊಟ್ಟಿಗೆ ಸಾಗಿಸಿದರೆ ತಳ ತೆಳುವಾಗುತ್ತದೆ, ಎಂಜಿನ್ ಅಷ್ಟೂ ಕೆಳಗೆ ಕೂರುತ್ತದೆ. 1968ರ ಫೆರಾರಿ ಡೇಟೋನಾ ಹನ್ನೆರಡು ಸಿಲಿಂಡರುಗಳ ಮೇಲೆ ಆರು ವೆಬರ್ ಕಾರ್ಬ್ಯುರೇಟರುಗಳನ್ನು ಹೊತ್ತೂ ತಗ್ಗಾಗಿ ಕಾಣುವುದಕ್ಕೆ ಇದೇ ಉಪಾಯ ನೆರವಾಯಿತು. ಡಿ-ಟೈಪಿನ ಎಂಜಿನ್ ವಂಶವೇ 1961ರ ಇ-ಟೈಪಿನಲ್ಲಿ ಡ್ರೈ ಸಂಪ್ ಇಲ್ಲದೆ ನೆಟ್ಟಗೆ ನಿಂತಾಗ, ಜಗತ್ತು ಇಂದಿಗೂ ಕೊಂಡಾಡುವ ಆ ನಡುಗೂನು ಮೂಡಿತು.

ಸಾಮಾನ್ಯರ ಕೈಗೆಟುಕಿದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ ಕಥೆ ನನಗೆ ಇವೆಲ್ಲಕ್ಕಿಂತ ಇಷ್ಟ. 1962ರಲ್ಲಿ ಬಂದಾಗ ಅದರಲ್ಲಿದ್ದದ್ದು 1798 ಸಿಸಿಯ ಬಿ ಸರಣಿ ಎಂಜಿನ್. ನಮ್ಮ ಅಂಬಾಸಡರನ್ನು ದಶಕಗಳ ಕಾಲ ಎಳೆದ 1489 ಸಿಸಿ ಎಂಜಿನ್ನಿನ ಒಡಹುಟ್ಟು. ಬಾನೆಟ್ ಚಪ್ಪಟೆ, ಯಾರಿಗೂ ತಕರಾರಿಲ್ಲ. 1967ರಲ್ಲಿ ಆರು ಸಿಲಿಂಡರಿನ ಎಂಜಿನ್ ತುರುಕಿ ಎಂಜಿಸಿ ಮಾಡಿದಾಗ ಅಗಲವಾದ ಉಬ್ಬು ಬಂತು. ಅದೂ ಸಾಲದೆ, ಮುಂದಿನ ಕಾರ್ಬ್ಯುರೇಟರಿಗೆಂದು ಅದರ ಮೇಲೊಂದು ಕಣ್ಣೀರ ಹನಿಯಾಕಾರದ ಬುಗುಟು. ಮುಂದೆ ಕೆನ್ ಕಾಸ್ಟೆಲ್ಲೊ ಎಂಬ ಇಂಗ್ಲಿಷ್ ರೇಸರ್ ರೋವರ್‌ನ ಅಲ್ಯೂಮಿನಿಯಂ ವಿ8 ಎಂಜಿನ್ನನ್ನು ಎಂಜಿಬಿಗೆ ಇಳಿಸತೊಡಗಿದ. ಅವನ ಆರಂಭದ ಕಾರುಗಳಲ್ಲೂ ಉಬ್ಬಿದ ಬಾನೆಟ್ಟೇ. 1973ರಲ್ಲಿ ಎಂಜಿ ಕಂಪನಿ ತಾನೇ ವಿ8 ಹೊರತಂದಾಗ ಹೊಸ ಬಾನೆಟ್ಟಿನ ಗೊಡವೆಗೆ ಹೋಗಲಿಲ್ಲ. ಎರಡು ಎಸ್‌ಯು ಕಾರ್ಬ್ಯುರೇಟರುಗಳನ್ನು ಎಂಜಿನ್ ಹಿಂದಕ್ಕೆ ಸರಿಸಿ, ಅಲ್ಲಿಂದ ಗಾಳಿಯನ್ನು ಸುತ್ತುದಾರಿಯಲ್ಲಿ ಮುಂದಕ್ಕೆ ತಂದಿತು. ಬಾನೆಟ್ ಚಪ್ಪಟೆಯಾಗಿಯೇ ಉಳಿಯಿತು. 3528 ಸಿಸಿ ಎಂಜಿನ್ ಕೊಟ್ಟದ್ದು ಮಾತ್ರ 137 ಅಶ್ವಶಕ್ತಿ. ಕಡಿಮೆ ಕಂಪ್ರೆಶನ್ ಅದಕ್ಕೊಂದು ಕಾರಣವಾದರೆ, ಸುತ್ತುಬಳಸಿನ ಗಾಳಿದಾರಿಯೂ ಉಪಕಾರವನ್ನೇನೂ ಮಾಡಲಿಲ್ಲ. ಅದೇ ಒಡಲಿನಿಂದ 1990ರ ದಶಕದಲ್ಲಿ ಹುಟ್ಟಿದ 3.9 ಲೀಟರಿನ ಆರ್‌ವಿ8ಗೆ ಪೆಟ್ರೋಲ್ ಇಂಜೆಕ್ಷನ್ ಬಂತು, ಬಾನೆಟ್ ಮತ್ತೆ ಉಬ್ಬಿತು!

ಅಮೆರಿಕದವರು ಉಬ್ಬಿಗೆ ಎಂದೂ ನಾಚಿದವರಲ್ಲ. ಅಲ್ಲಿ ನಡೆದ ಜಾಣತನ ಉಬ್ಬಿನ ಬಾಯಿ ಎತ್ತ ತೆರೆಯಬೇಕೆಂಬುದರಲ್ಲಿ. ಓಡುವ ಕಾರಿನ ಬಾನೆಟ್ ಮೇಲೆ ಹರಿದ ಗಾಳಿ ಮುಂದಿನ ಗಾಜಿನ ಬುಡದಲ್ಲಿ ತಡೆದು ಒತ್ತಡ ಏರುತ್ತದೆ. 1967ರ ಕಾರ್ವೆಟ್ ಎಲ್88 ಹಿಂಬದಿಗೆ ಬಾಯಿ ತೆರೆದು ಆ ಗಾಳಿಯನ್ನೇ ಹೀರಿತು. ಆ ವರ್ಷ ತಯಾರಾದದ್ದು 20 ಕಾರು. ರೇಡಿಯೊ, ಹೀಟರ್ ಎರಡೂ ಇಲ್ಲ. 427 ಘನ ಅಂಗುಲದ ಎಂಜಿನ್ ಇದ್ದ, ನೋಡಲು ಹಾಗೇ ಇದ್ದ ಮಿಕ್ಕ ಕಾರ್ವೆಟ್‌ಗಳಲ್ಲಿ ಆ ಉಬ್ಬಿಗೆ ಬಾಯಿಯೇ ಇರಲಿಲ್ಲ.

ಮುಂದಕ್ಕೆ ಬಾಯಿ ತೆರೆದ ‘ರ‍್ಯಾಮ್ ಏರ್’ ಬಗ್ಗೆ ಜಾಹೀರಾತುಗಳು ಹೇಳಿದ್ದನ್ನು ಅನುಮಾನದಿಂದಲೇ ಓದಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ನೂಕಿನಿಂದ ಸಿಗುವ ಹೆಚ್ಚುವರಿ ಒತ್ತಡ ಶೇ 0.5ರಷ್ಟೂ ಇಲ್ಲ. ನಿಜವಾದ ಲಾಭ ತಂಪಿನದು. ಒಳಹೋಗುವ ಗಾಳಿ 10 ಡಿಗ್ರಿ ತಣ್ಣಗಿದ್ದರೆ ಅದರ ಸಾಂದ್ರತೆ ಸುಮಾರು ಶೇ 3 ಹೆಚ್ಚು. ರೇಡಿಯೇಟರ್ ದಾಟಿ ಕಾದ ಗಾಳಿ ಫಿಲ್ಟರಿಗೆ ನುಗ್ಗದಂತೆ ಹಾಕುವ ಒಂದು ತಗಡಿನ ಅಡ್ಡಗೋಡೆ, ಮುಂದಿನ ಗ್ರಿಲ್‌ನಿಂದ ಎಳೆದ ಒಂದು ಕೊಳವೆ, ಬಿಸಿ ಹೊರಹೋಗಲು ಬಾನೆಟ್ಟಿನಲ್ಲಿ ಕೊರೆದ ಸೀಳುಕಿಂಡಿಗಳು ಎಷ್ಟೋ ವೇಳೆ ದುಬಾರಿ ಕಾರ್ಬ್ಯುರೇಟರಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಇಂದು ಹಳೆಯ ಕಾರುಗಳನ್ನು ತಿದ್ದುವವರು ಹೆಚ್ಚಾಗಿ ಎಡವುವುದು ಫಿಲ್ಟರ್ ಹತ್ತಿರ. ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡ್ ಅನ್ನು ಎತ್ತರದ್ದು ಕೂರಿಸಿ, ಬಾನೆಟ್ ಮುಚ್ಚಲಾಗದೆ, ಫಿಲ್ಟರನ್ನು ಗಿಡ್ಡ ಮಾಡುತ್ತಾರೆ. ಫಿಲ್ಟರಿನ ಮುಚ್ಚಳ ಕಾರ್ಬ್ಯುರೇಟರ್ ಬಾಯಿಗೆ ತೀರಾ ಹತ್ತಿರವಾದರೆ ಮ್ಯಾನಿಫೋಲ್ಡ್ ಗಳಿಸಿಕೊಟ್ಟದ್ದು ಅಲ್ಲೇ ಸೋರಿಹೋಗುತ್ತದೆ. ಮುಚ್ಚಳವನ್ನು ಮುಟ್ಟದೆ, ತಳದ ತಟ್ಟೆ ಕಾರ್ಬ್ಯುರೇಟರಿನ ಸುತ್ತ ಕೆಳಗಿಳಿಯುವಂಥ ಫಿಲ್ಟರ್ ಹಾಕುವುದು ಮೇಲು. ಅಳತೆಗೆ ಹಳೆಯ ಮೆಕ್ಯಾನಿಕ್‌ಗಳ ಉಪಾಯ ಇನ್ನೂ ಚಾಲ್ತಿಯಲ್ಲಿದೆ: ಮಕ್ಕಳ ಆಟದ ಜೇಡಿಯ ಉಂಡೆಗಳನ್ನು ಫಿಲ್ಟರ್ ಮೇಲೆ ಅಲ್ಲಲ್ಲಿ ಇಟ್ಟು, ಬಾನೆಟ್ ಮೆಲ್ಲಗೆ ಮುಚ್ಚಿ ತೆರೆಯುವುದು. ಚಪ್ಪಟೆಯಾದ ಉಂಡೆಯ ದಪ್ಪವೇ ಉಳಿದ ಜಾಗ. ಅದರಲ್ಲೂ ಸ್ವಲ್ಪ ಕಳೆಯಬೇಕು, ಏಕೆಂದರೆ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಒಂದು ಬದಿಗೆ ಹೊರಳುತ್ತದೆ.