ಓರೆಯಾದ ಚುಕ್ಕಾಣಿ

ಚಕ್ರ ಹುಟ್ಟಿ ಐದು ಸಾವಿರ ವರ್ಷಗಳ ಮೇಲಾಯಿತು. ನಾಲ್ಕು ಚಕ್ರದ ಗಾಡಿಯನ್ನು ಸರಾಗವಾಗಿ ತಿರುಗಿಸುವ ವಿದ್ಯೆಗೆ ಮಾತ್ರ ಇನ್ನೂ ಮುನ್ನೂರು ವರ್ಷ ತುಂಬಿಲ್ಲ. ಕಾರು ಇಟ್ಟುಕೊಂಡವರಲ್ಲಿ ಅನೇಕರಿಗೆ ಪರಿಚಿತವಾದ ಒಂದು ಸಣ್ಣ ಪೀಡೆಯ ಮೂಲ ಈ ವಿದ್ಯೆಯ ಚರಿತ್ರೆಯಲ್ಲೇ ಅಡಗಿದೆ. ರಸ್ತೆ ನೇರವಾಗಿರುತ್ತದೆ, ಕಾರೂ ನೇರವಾಗಿಯೇ ಓಡುತ್ತಿರುತ್ತದೆ. ಆದರೆ ಕೈಯಲ್ಲಿರುವ ಸ್ಟಿಯರಿಂಗ್ ಚಕ್ರ ಮಾತ್ರ ಎಡಕ್ಕೋ ಬಲಕ್ಕೋ ವಾಲಿಕೊಂಡಿರುತ್ತದೆ. ಗೋಡೆಯ ಮೇಲೆ ಓರೆಯಾಗಿ ತೂಗುವ ಪಟದಂತೆ ಅದು ಕಣ್ಣಿಗೆ ಚುಚ್ಚುತ್ತದೆ. “ಓಡುತ್ತದಲ್ಲ, ಇರಲಿ ಬಿಡಿ” ಎಂದು ಸುಮ್ಮನಾಗುವವರೂ ಉಂಟು. ಹಾಗೆ ಸುಮ್ಮನಾಗಬಹುದೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಎತ್ತಿನ ಗಾಡಿಗೆ ಈ ತೊಡಕಿಲ್ಲ. ಅದಕ್ಕಿರುವುದು ಎರಡೇ ಗಾಲಿ. ಎತ್ತು ತಿರುಗಿದರೆ ಮೂಕಿ ತಿರುಗುತ್ತದೆ, ಮೂಕಿಯೊಡನೆ ಇಡೀ ಗಾಡಿ ತಿರುಗುತ್ತದೆ. ಹೊರಬದಿಯ ಗಾಲಿ ಹೆಚ್ಚು ಉರುಳುತ್ತದೆ, ಒಳಬದಿಯದು ಕಡಿಮೆ. ನಾಲ್ಕು ಗಾಲಿಗಳಾದಾಗ ಪ್ರಶ್ನೆ ಏಳುತ್ತದೆ. ಯೂರೋಪಿನ ಸಾರೋಟುಗಳಲ್ಲಿ ಮುಂದಿನ ಅಚ್ಚನ್ನು ನಡುವೆ ಒಂದೇ ಗೂಟಕ್ಕೆ ಸಿಕ್ಕಿಸಿ, ಅಚ್ಚೆಲ್ಲವೂ ಒಟ್ಟಾಗಿ ತಿರುಗುವಂತೆ ಮಾಡಿದ್ದರು. ಬಿಗಿಯಾದ ತಿರುವಿನಲ್ಲಿ ಮುಂದಿನ ಗಾಲಿ ಗಾಡಿಯ ಹೊಟ್ಟೆಯ ಕೆಳಗೆ ಸರಿಯುತ್ತಿತ್ತು. ನಿಲ್ಲುವ ನೆಲೆ ಕಿರಿದಾಗಿ ಗಾಡಿ ಮಗುಚುವ ಭಯವಿತ್ತು.

ಇದಕ್ಕೆ ಪರಿಹಾರ ಯೋಚಿಸಿದ ಮೊದಲಿಗರಲ್ಲಿ ಒಬ್ಬ ಗಾಡಿ ಕಟ್ಟುವವನಲ್ಲ, ವೈದ್ಯ: ಇಂಗ್ಲೆಂಡಿನ ಲಿಚ್‌ಫೀಲ್ಡ್ ಪಟ್ಟಣದ ಎರಾಸ್ಮಸ್ ಡಾರ್ವಿನ್, ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನ ಅಜ್ಜ. ರೋಗಿಗಳನ್ನು ನೋಡಲು ಊರೂರು ಸುತ್ತುತ್ತಿದ್ದ ಈತ 1750ರ ದಶಕದ ಕೊನೆಯಲ್ಲಿ, ಅಚ್ಚನ್ನು ಕದಲಿಸದೆ ಪ್ರತಿ ಗಾಲಿಯನ್ನೂ ಅದರದೇ ಗೂಟದ ಮೇಲೆ ತಿರುಗಿಸುವ ಉಪಾಯವನ್ನು ಕಂಡುಕೊಂಡ. ಅದು ಪ್ರಚಾರಕ್ಕೆ ಬರಲಿಲ್ಲ. ಸುಮಾರು ಅರುವತ್ತು ವರ್ಷಗಳ ಮೇಲೆ ಮ್ಯೂನಿಕ್ ನಗರದ ಗಾಡಿ ಶಿಲ್ಪಿ ಗೇಯಾರ್ಗ್ ಲಾಂಕೆನ್‌ಸ್ಪೆರ್ಗರ್ ಅದನ್ನೇ ಸ್ವತಂತ್ರವಾಗಿ ನಿರ್ಮಿಸಿದ. ಅವನ ಪ್ರತಿನಿಧಿಯಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಅಕರ್ಮನ್, ಚಿತ್ರಗಳನ್ನೂ ಪುಸ್ತಕಗಳನ್ನೂ ಪ್ರಕಟಿಸಿ ಹೆಸರು ಮಾಡಿದ್ದ ವ್ಯಾಪಾರಿ. ಕಾಗದದ ಮೇಲಿದ್ದ ಹೆಸರೇ ಉಳಿಯಿತು. ಇಂದಿಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹುಡುಗರು ಓದುವುದು ಅಕರ್ಮನ್ ಸೂತ್ರವನ್ನೇ. ಲಾಂಕೆನ್‌ಸ್ಪೆರ್ಗರನನ್ನು ನೆನೆಯುವವರು ವಿರಳ.

ಸೂತ್ರ ಸರಳವಾದದ್ದು. ಗಾಡಿ ತಿರುಗುವಾಗ ನಾಲ್ಕು ಗಾಲಿಗಳೂ ಒಂದೇ ಕೇಂದ್ರದ ಸುತ್ತ ಬೇರೆ ಬೇರೆ ವೃತ್ತಗಳಲ್ಲಿ ಓಡಬೇಕು. ಒಳಬದಿಯ ಗಾಲಿಯ ವೃತ್ತ ಚಿಕ್ಕದು. ಆದುದರಿಂದ ಅದು ಹೊರಬದಿಯದಕ್ಕಿಂತ ಹೆಚ್ಚು ಹೊರಳಬೇಕು. ಹಾಗಾಗದಿದ್ದರೆ ಒಂದು ಗಾಲಿ ಉರುಳುವ ಬದಲು ನೆಲವನ್ನು ಉಜ್ಜುತ್ತದೆ. ಎರಡು ಗಾಲಿಗಳಿಗೂ ಒಂದೊಂದು ತೋಳು ಕೊಟ್ಟು, ಆ ತೋಳುಗಳನ್ನು ಅಡ್ಡಸರಳಿನಿಂದ ಜೋಡಿಸಿದರೆ ಈ ವ್ಯತ್ಯಾಸ ತಾನಾಗಿಯೇ ಬರುತ್ತದೆ.

ಕುದುರೆ ಎಳೆಯುವವರೆಗೆ ಈ ಜಾಣತನದ ಅಗತ್ಯ ಯಾರಿಗೂ ಅಷ್ಟಾಗಿ ಕಾಣಲಿಲ್ಲ. ಎಂಜಿನ್ ಬಂದ ಮೇಲೆ ಮೂಕಿಯನ್ನು ಹಿಡಿದಿರುವ ಪ್ರಾಣಿಯೇ ಮಾಯವಾಯಿತು. ಕಲ್ಲಿಗೆ ಗಾಲಿ ಬಡಿದರೆ ಆ ಹೊಡೆತವನ್ನೆಲ್ಲ ಮನುಷ್ಯನ ಕೈ ತಾಳಬೇಕಾಯಿತು. ಫ್ರಾನ್ಸಿನ ಲ ಮಾನ್ ಪಟ್ಟಣದ ಆಮೆದೇ ಬೋಲೆ 1873ರಲ್ಲಿ ಕಟ್ಟಿದ ಉಗಿಗಾಡಿಯಲ್ಲಿ ಮುಂದಿನ ಗಾಲಿಗಳಿಗೆ ಬೇರೆ ಬೇರೆ ಗೂಟಗಳಿದ್ದವು. ಹೇಳಿದಂತೆ ತಿರುಗುತ್ತದೆಂದು ಅದಕ್ಕೆ ‘ವಿಧೇಯೆ’ ಎಂಬ ಅರ್ಥ ಬರುವ ಹೆಸರಿಟ್ಟ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಮಾಡಿಸಿದ ಮೋಟಾರು ಗಾಡಿಗೆ ಮೂರೇ ಗಾಲಿ ಇದ್ದುದೂ ಇದೇ ಕಾರಣದಿಂದ. ಮುಂದೆ ಎರಡು ಗಾಲಿಗಳನ್ನಿಟ್ಟು ತಿರುಗಿಸುವ ಬಗೆ ಅವನಿಗೆ ಆಗ ತೃಪ್ತಿಕರವಾಗಿ ಹೊಳೆದಿರಲಿಲ್ಲ. ಅದು ಕೈಗೂಡಿ ಪೇಟೆಂಟ್ ದೊರೆತದ್ದು 1893ರಲ್ಲಿ. ಒಮ್ಮೆ ಹುಟ್ಟಿ ಮರೆತುಹೋದ ವಿದ್ಯೆ ಹೀಗೆ ಮರಳಿ ಮರಳಿ ಹುಟ್ಟಿತು.

ಆ ಕಾಲದ ಮೋಟಾರುಗಳನ್ನು ನಡೆಸುತ್ತಿದ್ದುದು ಹೆಚ್ಚಾಗಿ ದೋಣಿಯ ಚುಕ್ಕಾಣಿಯಂತಹ ಹಿಡಿಗೋಲಿನಿಂದ. 1894ರ ಪ್ಯಾರಿಸ್–ರೂಆಂ ಓಟದಲ್ಲಿ ಆಲ್ಫ್ರೆಡ್ ವಾಶೆರೋಂ ಎಂಬಾತ ತನ್ನ ಪನಾರ್ ಕಾರಿಗೆ ದುಂಡನೆಯ ಕೈಚಕ್ರ ಹೂಡಿಕೊಂಡು ಬಂದನೆಂದು ಮೋಟಾರು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಕೆಲವೇ ವರ್ಷಗಳಲ್ಲಿ ಹಿಡಿಗೋಲು ಮೂಲೆ ಸೇರಿತು.

ನಮ್ಮ ಪೀಡೆ ಹುಟ್ಟಿದ್ದು ಇಲ್ಲಿ. ಕೋಲಿಗೆ ತುದಿ ಬುಡಗಳುಂಟು. ಅದು ಎತ್ತ ನೋಡುತ್ತಿದೆಯೆಂಬುದು ಕಣ್ಣಿಗೆ ಕಾಣುತ್ತದೆ. ಚಕ್ರಕ್ಕೆ ಮೇಲು ಕೆಳಗೆಂಬುದಿಲ್ಲ. ಅದರ ಅರಗಳ ನಿಲುವನ್ನು ನೋಡಿ ‘ಇದು ನೇರ’ ಎಂದು ನಾವು ಗೊತ್ತುಮಾಡಿಕೊಂಡಿದ್ದೇವೆ. ಕೈಚಕ್ರ, ಅದರ ಕಂಬ, ಹಲ್ಲಿನ ಸರಳು, ಎರಡು ಟೈ ರಾಡ್‌ಗಳು, ಗಾಲಿಗಳು—ಇವೆಲ್ಲ ಒಮ್ಮತದಿಂದ ನಡುವಿನಲ್ಲಿದ್ದರೆ ಮಾತ್ರ ಆ ಒಪ್ಪಂದ ಉಳಿಯುತ್ತದೆ. ಸಾಮಾನ್ಯ ಕಾರುಗಳಲ್ಲಿ ಕೈಚಕ್ರ ಸುಮಾರು 15 ಡಿಗ್ರಿ ತಿರುಗಿದರೆ ರಸ್ತೆಯ ಮೇಲಿನ ಗಾಲಿ 1 ಡಿಗ್ರಿ ಹೊರಳುತ್ತದೆ. ಎಂದರೆ ಕೆಳಗಿನ ಕೂದಲೆಳೆಯ ದೋಷವನ್ನು ಕೈಚಕ್ರ ಭೂತಕನ್ನಡಿಯಂತೆ ಹಿಗ್ಗಿಸಿ ತೋರಿಸುತ್ತದೆ.

ದೋಷದ ಕಾರಣಗಳು ಕೆಲವೇ. ಎಲ್ಲಕ್ಕಿಂತ ಸಾಮಾನ್ಯವಾದುದು, ಎರಡು ಟೈ ರಾಡ್‌ಗಳ ಉದ್ದ ಹೊಂದದಿರುವುದು. ಗಾಡಿ ಓಡುವಾಗ ಮುಂದಿನ ಗಾಲಿಗಳು ದಾರಿಯನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಉಳಿದ ವ್ಯತ್ಯಾಸ ಕೈಚಕ್ರಕ್ಕೆ ಬಂದು ಸೇರುತ್ತದೆ. ಆದುದರಿಂದಲೇ ಕಾರು ನೇರ ಹೋಗುತ್ತಿದ್ದರೂ ಚಕ್ರ ಓರೆಯಾಗಿರಬಲ್ಲುದು. ಗುಂಡಿಗೆ ಬಿದ್ದು ಟೈ ರಾಡ್ ಬಾಗಿರಬಹುದು. ಕೀಲುಗಳು ಸವೆದು ಸಡಿಲವಾಗಿರಬಹುದು. ರಿಪೇರಿಯಲ್ಲಿ ಕೈಚಕ್ರವನ್ನು ಕಳಚಿ ಒಂದು ಹಲ್ಲು ಆಚೀಚೆ ಕೂಡಿಸಿರಬಹುದು. ಇನ್ನೊಂದು ಕಾರಣ ಹಿಂದುಗಡೆ ಇರುತ್ತದೆ. ಹಿಂದಿನ ಗಾಲಿಗಳು ಓರೆಯಾಗಿ ನೋಡುತ್ತಿದ್ದರೆ, ಅವು ತಳ್ಳುವ ದಿಕ್ಕಿಗೆ ಎದುರಾಗಿ ಮುಂದಿನವನ್ನು ಸದಾ ತಿರುಗಿಸಿ ಹಿಡಿಯಬೇಕಾಗುತ್ತದೆ. 2014ರವರೆಗೆ ತಯಾರಾದ ಅಂಬಾಸಡರ್ ಕಾರಿನಂತೆ ಹಿಂದೆ ಪಟ್ಟಿ ಸ್ಪ್ರಿಂಗ್ ಇದ್ದ ಗಾಡಿಗಳಲ್ಲಿ, ಸ್ಪ್ರಿಂಗಿನ ನಡುವಣ ಬೋಲ್ಟು ಮುರಿದರೆ ಅಚ್ಚೇ ಸರಿದುಬಿಡಬಹುದು.

ಹಿಡಿತ ಸಡಿಲಿಸಿದೊಡನೆ ಕಾರು ಒಂದು ಕಡೆಗೆ ಎಳೆಯುವುದಾದರೆ ಅದು ಬೇರೆಯ ವ್ಯಾಧಿ. ಒಂದು ಟೈರಿನಲ್ಲಿ ಗಾಳಿ ಕಡಿಮೆ ಇರಬಹುದು, ಟೈರೇ ಕೆಟ್ಟಿರಬಹುದು, ಬ್ರೇಕು ಹಿಡಿದುಕೊಂಡಿರಬಹುದು. ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿನತ್ತ ಇಳಿಜಾರಾಗಿರುವುದರಿಂದ ಕಾರು ಕೊಂಚ ಎಡಕ್ಕೆ ಸರಿಯುವುದು ಸಹಜ. ಮಟ್ಟವಾದ ರಸ್ತೆಯಲ್ಲಿ ನೋಡದೆ ತೀರ್ಮಾನಿಸಬಾರದು.

ಚಿಕಿತ್ಸೆಗೂ ಒಂದು ಕ್ರಮವಿದೆ. ಮೊದಲು ಟೈರಿನ ಗಾಳಿ; ಆಮೇಲೆ ಸವೆದ ಕೀಲು, ಬಾಗಿದ ಸರಳುಗಳ ಪರೀಕ್ಷೆ. ಕೆಟ್ಟದ್ದನ್ನು ಬದಲಿಸದೆ ಅಳತೆ ಸರಿಪಡಿಸಿದರೆ ಅದು ನಿಲ್ಲುವುದಿಲ್ಲ. ಅನಂತರ ಹಿಂದಿನ ಗಾಲಿಗಳ ದಿಕ್ಕು. ಕೊನೆಗೆ ಕೈಚಕ್ರವನ್ನು ನೇರವಾಗಿಟ್ಟು ಕದಲದಂತೆ ಬಿಗಿದು, ಟೈ ರಾಡ್‌ಗಳನ್ನು ಹೊಂದಿಸಬೇಕು. ಗಾಲಿಗಳ ಒಟ್ಟು ಅಳತೆ ಸರಿಯಿದ್ದು ಚಕ್ರ ಮಾತ್ರ ಓರೆಯಾಗಿದ್ದರೆ, ಒಂದನ್ನು ಎಷ್ಟು ಉದ್ದ ಮಾಡುತ್ತೇವೆಯೋ ಇನ್ನೊಂದನ್ನು ಅಷ್ಟೇ ಗಿಡ್ಡ ಮಾಡಿದರೆ ಸಾಕು. ಅಲೈನ್‌ಮೆಂಟ್ ಅಂಗಡಿಯಲ್ಲಿ ಬಿಗಿಯುವ ಮುನ್ನ ಚಕ್ರವನ್ನು ನೆಟ್ಟಗೆ ಇಟ್ಟರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಈ ಹೆಜ್ಜೆಯ ಅವಸರದಿಂದಲೇ ಅನೇಕ ಕಾರುಗಳು ಅಂಗಡಿಯಿಂದಲೇ ಓರೆಯಾಗಿ ಹೊರಬರುತ್ತವೆ.

ಸುಲಭದ ದಾರಿಯೊಂದಿದೆ: ಕೈಚಕ್ರವನ್ನು ಕಿತ್ತು ನೆಟ್ಟಗೆ ಕೂಡಿಸಿಬಿಡುವುದು. ಹಿಂದೆ ಯಾರೋ ಅದನ್ನು ತಪ್ಪಾಗಿ ಕೂಡಿಸಿದ್ದರೆ ಅದು ನ್ಯಾಯವೇ. ಇಲ್ಲವಾದರೆ ಜ್ವರವಿದ್ದಾಗ ಉಷ್ಣಮಾಪಕವನ್ನು ತಿದ್ದಿದ ಹಾಗೆ. ಹಲ್ಲಿನ ಸರಳು ನಡುವಿನಿಂದ ಸರಿದೇ ಉಳಿಯುತ್ತದೆ. ಒಂದು ಕಡೆಗೆ ತಿರುವು ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ಆಗುತ್ತದೆ. ಬಾಗಿದ ಸರಳು ಬಾಗಿದಂತೆಯೇ ಇರುತ್ತದೆ. ಇಂದಿನ ಕಾರುಗಳಲ್ಲಿ ಕೈಚಕ್ರದೊಳಗೆ ಏರ್‌ಬ್ಯಾಗ್ ಇರುವುದರಿಂದ ತಿಳಿಯದವರು ಅದನ್ನು ಕಳಚುವುದು ಅಪಾಯ.

ಇನ್ನೂ ಒಂದು ಮಾತುಂಟು. ಜಾರುವ ಕಾರನ್ನು ತಾನೇ ಬ್ರೇಕು ಹಾಕಿ ದಾರಿಗೆ ತರುವ ಇಎಸ್‌ಪಿ ಏರ್ಪಾಡು 1995ರಲ್ಲಿ ಮರ್ಸಿಡಿಸ್ ಬೆಂಜ್ ಕಾರಿನಲ್ಲಿ ಮೊದಲು ಬಂದಿತು. ಚಾಲಕ ಎತ್ತ ಹೋಗಬಯಸುತ್ತಾನೆಂದು ಅದು ತಿಳಿಯುವುದು ಕೈಚಕ್ರದ ಕೋನದಿಂದ. ಅಂತಹ ಕಾರಿನಲ್ಲಿ ಚಕ್ರ ಓರೆಯಾಗಿದ್ದರೆ ನಾವು ನೇರ ಹೋಗುತ್ತಿರುವಾಗಲೂ ಯಂತ್ರಕ್ಕೆ ತಿರುಗುತ್ತಿರುವಂತೆ ತೋರಬಹುದು. ಆದುದರಿಂದ ಅಲೈನ್‌ಮೆಂಟ್ ಆದ ಮೇಲೆ ಅನೇಕ ಕಾರುಗಳಲ್ಲಿ ಆ ಕೋನಮಾಪಕಕ್ಕೂ ‘ನೇರ’ ಯಾವುದೆಂದು ಹೊಸದಾಗಿ ಕಲಿಸಬೇಕಾಗುತ್ತದೆ.

ಲಾಂಕೆನ್‌ಸ್ಪೆರ್ಗರ್ ಮಾಡಿದ ಉಪಕಾರ ಇದು: ಎರಡು ಗಾಲಿಗಳೂ ತಮ್ಮ ತಮ್ಮ ಅಳತೆಯಲ್ಲಿ ಹೊರಳಿ ಒಂದೇ ದಾರಿಯಲ್ಲಿ ನಡೆಯುವಂತಾಯಿತು. ಆ ಅಳತೆ ತಪ್ಪಿದಾಗ ಮೊದಲು ದೂರು ಹೇಳುವುದು ನಮ್ಮ ಕೈಯಲ್ಲಿರುವ ಚಕ್ರ. ಅದರ ಬಾಯಿ ಮುಚ್ಚಿಸುವ ಮುನ್ನ ಗಾಡಿಯ ಕೆಳಗೊಮ್ಮೆ ಬಗ್ಗಿ ನೋಡುವುದು ಒಳ್ಳೆಯದು.